ಭಾಗಿಸಿದ್ದೆಲ್ಲ ರೋಧವೇ, ಗುಣಿಸಿದ್ದೆಲ್ಲ ಸಾಮರ್ಥ್ಯವೇ?

ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ಎರಡನ್ನೂ ಗುಣಿಸಿದರೆ ಸಾಮರ್ಥ್ಯ ಎಂಬ ಲೆಕ್ಕ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಬೇಗನೆ ಮುಗಿದುಹೋಗುತ್ತದೆ. ಆದರೆ ಅದೇ ಲೆಕ್ಕವನ್ನು ಹರಿಹರದ ಲೇತ್ ವರ್ಕ್‌ಶಾಪಿಗೋ ಜಗಳೂರು ಕಡೆಯ ಬೋರ್‌ವೆಲ್ಲಿನ ಸ್ಟಾರ್ಟರ್ ಪೆಟ್ಟಿಗೆಯ ಮುಂದಕ್ಕೋ ಒಯ್ದಾಗ ಉತ್ತರಗಳು ವಿಚಿತ್ರವಾಗಿ ಬರತೊಡಗುತ್ತವೆ. ಮೋಟರು ತಾನು ತೆಗೆದುಕೊಂಡದ್ದಕ್ಕಿಂತ ಹೆಚ್ಚು ಸಾಮರ್ಥ್ಯವನ್ನು ಹೊರಕೊಡುತ್ತಿರುವಂತೆಯೂ ಲೆಕ್ಕ ಬರುತ್ತದೆ. ಸೂತ್ರದಲ್ಲಿ ತಪ್ಪಿಲ್ಲ. ಯಾವ ಎರಡು ಬಿಂದುಗಳ ನಡುವೆ ಅಳೆದದ್ದು, ಆ ಬಿಂದುಗಳ ನಡುವೆ ಇರುವ ವಸ್ತು ಎಂಥದು ಎಂಬ ಎರಡು ಪ್ರಶ್ನೆಗಳನ್ನು ಬಿಟ್ಟು ಸೂತ್ರವನ್ನು ಮಾತ್ರ ಕಲಿಸುವ ರೂಢಿಯಿಂದ ಈ ಗೊಂದಲ ಹುಟ್ಟಿದೆ.

ಗೊಂದಲದ ಒಂದು ಪಾಲು ಮಾತಿನಲ್ಲೇ ಇದೆ. ‘ಕರೆಂಟ್ ಹೋಯ್ತು’ ಎಂದು ಜನ ಹೇಳುವಾಗ ಹೋಗಿರುವುದು ವೋಲ್ಟೇಜು. ಮನೆಯ ಸ್ವಿಚ್ಚುಗಳೆಲ್ಲ ಆಫ್ ಆಗಿರುವಾಗ ‘ಕರೆಂಟ್ ಬಂತು’ ಎಂದರೆ ಬಂದಿರುವುದು ಕೂಡ ವೋಲ್ಟೇಜೇ, ಆಗ ತಂತಿಯಲ್ಲಿ ಹರಿಯುವ ಕರೆಂಟು ಸೊನ್ನೆ. ಪಠ್ಯಪುಸ್ತಕದ ಭಾಷೆಯಲ್ಲಿ ಇವು ಕ್ರಮವಾಗಿ ವಿಭವಾಂತರ ಮತ್ತು ವಿದ್ಯುತ್ ಪ್ರವಾಹ. ಎರಡು ಬಿಂದುಗಳ ನಡುವೆ ಒಂದು ಕೂಲಂಬ್ ಆವೇಶವನ್ನು ಸಾಗಿಸಲು ಬೇಕಾಗುವ ಕೆಲಸವೇ ವಿಭವಾಂತರವಾಗಿದ್ದು ಅದರ ಮಾನ ವೋಲ್ಟ್. ಒಂದು ಸೆಕೆಂಡಿನಲ್ಲಿ ಹಾದುಹೋಗುವ ಆವೇಶದ ಪ್ರಮಾಣವೇ ಪ್ರವಾಹವಾಗಿದ್ದು ಅದರ ಮಾನ ಆಂಪಿಯರ್. ಈ ವ್ಯಾಖ್ಯೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಇವೆರಡರ ಗುಣಲಬ್ಧ ಸೆಕೆಂಡೊಂದಕ್ಕೆ ನಡೆಯುವ ಕೆಲಸ, ಅಂದರೆ ವ್ಯಾಟ್‌ನಲ್ಲಿ ಅಳೆಯುವ ಸಾಮರ್ಥ್ಯ ಎಂಬುದು ತಾನಾಗಿಯೇ ಕಾಣುತ್ತದೆ. ಪುಸ್ತಕಗಳಲ್ಲಿ ‘ಸಾಮರ್ಥ್ಯ’ಕ್ಕೂ ‘ಶಕ್ತಿ’ಗೂ ಇರುವ ಭೇದವೂ ಇಲ್ಲಿಯೇ ಇದೆ. ಸಾಮರ್ಥ್ಯವನ್ನು ಸಮಯದಿಂದ ಗುಣಿಸಿದಾಗ ಬರುವುದು ಶಕ್ತಿ, ಸಾವಿರ ವ್ಯಾಟ್ ಒಂದು ಗಂಟೆ ನಡೆದರೆ ಬಿಲ್ಲಿನಲ್ಲಿ ಬರುವುದು ಒಂದು ಯೂನಿಟ್.

ಗುಣಾಕಾರ ಹೀಗೆ ವ್ಯಾಖ್ಯೆಯಿಂದಲೇ ಬಂದರೆ ಭಾಗಾಕಾರ ಪ್ರಯೋಗದಿಂದ ಬಂದದ್ದು. ಜರ್ಮನಿಯ ಕಲೋನ್ ನಗರದಲ್ಲಿ ಶಾಲಾ ಉಪಾಧ್ಯಾಯನಾಗಿದ್ದ ಗಿಯೋರ್ಗ್ ಸೈಮನ್ ಓಮ್ ಬೇರೆ ಬೇರೆ ಉದ್ದದ ತಂತಿಗಳಲ್ಲಿ ಪ್ರವಾಹವನ್ನು ಅಳೆಯಲು ಹೊರಟಾಗ ಅಂದಿನ ಬ್ಯಾಟರಿಗಳ ವೋಲ್ಟೇಜು ನೋಡನೋಡುತ್ತಲೇ ಇಳಿಯುತ್ತಿದ್ದುದರಿಂದ ಲೆಕ್ಕ ಕೂಡಿಬರಲಿಲ್ಲ. ಆಮೇಲೆ ಅವನು ಬಿಸ್ಮತ್ ಮತ್ತು ತಾಮ್ರದ ಬೆಸುಗೆಗಳಲ್ಲಿ ಒಂದನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು, ಉಷ್ಣದಿಂದ ಹುಟ್ಟುವ ಸ್ಥಿರವಾದ ವಿಭವವನ್ನು ಬಳಸಿಕೊಂಡು ಫಲಿತಾಂಶ ಪಡೆದು 1827ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಅವನು ಕಂಡುಕೊಂಡದ್ದು, ತಾಪ ಬದಲಾಗದಿದ್ದರೆ ಲೋಹದ ತಂತಿಯೊಂದರಲ್ಲಿ ವಿಭವಾಂತರಕ್ಕೂ ಪ್ರವಾಹಕ್ಕೂ ಇರುವ ಅನುಪಾತ ಬದಲಾಗುವುದಿಲ್ಲ ಎಂಬುದನ್ನು. ಯಾವ ವಸ್ತುವಿಗಾದರೂ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ ಒಂದು ಸಂಖ್ಯೆ ಪಡೆಯಬಹುದು. ಆ ಸಂಖ್ಯೆ ಸ್ಥಿರವಾಗಿ ನಿಂತಾಗ ಮಾತ್ರ ಅದು ಓಮ್‌ನ ನಿಯಮ. ಪರೀಕ್ಷೆಯಲ್ಲಿ ಸೂತ್ರವನ್ನೇ ನಿಯಮವೆಂದು ಬರೆದು ಪೂರ್ಣಾಂಕ ಪಡೆಯುವ ವಿದ್ಯಾರ್ಥಿಗಳು ‘ತಾಪ ಸ್ಥಿರವಾಗಿದ್ದಾಗ’ ಎಂಬ ನಾಲ್ಕಾರು ಅಕ್ಷರಗಳನ್ನು ಅಲಂಕಾರವೆಂದು ತಿಳಿದಿರುವುದೇ ಹೆಚ್ಚು.

ಸೂತ್ರ ಯಾವ ತಕರಾರೂ ಇಲ್ಲದೆ ಒಗ್ಗುವ ವಸ್ತು ನೀರು ಕಾಯಿಸುವ ರಾಡ್. ದಾವಣಗೆರೆಯಂಥ ಕಾಲೇಜು ಊರಿನ ಬಾಡಿಗೆ ಕೋಣೆಗಳಲ್ಲಿ ಬಕೆಟ್ಟಿನ ಅಂಚಿಗೆ ಕೋಲೊಂದನ್ನು ಅಡ್ಡ ಇಟ್ಟು ತೂಗುಬಿಟ್ಟಿರುವ ಈ ರಾಡಿನೊಳಗೆ ನೈಕ್ರೋಮ್, ಅಂದರೆ ನಿಕಲ್ ಮತ್ತು ಕ್ರೋಮಿಯಂ ಬೆರೆತ ಲೋಹದ ಸುರುಳಿ ಇದ್ದು, ಅದರ ರೋಧ ಕಾದಾಗಲೂ ಹೆಚ್ಚು ಬದಲಾಗುವುದಿಲ್ಲ. 230 ವೋಲ್ಟಿಗೆ 1500 ವ್ಯಾಟ್ ಎಂದು ಬರೆದಿರುವ ರಾಡ್ ಸುಮಾರು 6.5 ಆಂಪಿಯರ್ ಎಳೆಯುತ್ತದೆ, ಅದರ ರೋಧ ಸುಮಾರು 35 ಓಮ್. ಬೇಸಿಗೆಯ ಸಂಜೆ ವೋಲ್ಟೇಜು 190ಕ್ಕೆ ಇಳಿಯಿತೆಂದು ಇಟ್ಟುಕೊಂಡರೆ ರೋಧ ಅಷ್ಟೇ ಇರುವುದರಿಂದ ಕರೆಂಟು ಸುಮಾರು 5.4 ಆಂಪಿಯರಿಗೆ ಇಳಿಯುತ್ತದೆ. ಗುಣಿಸಬೇಕಾದ ಎರಡು ಸಂಖ್ಯೆಗಳೂ ಕುಗ್ಗಿರುವುದರಿಂದ ಸಾಮರ್ಥ್ಯ ವೋಲ್ಟೇಜಿನ ವರ್ಗದ ಅನುಪಾತದಲ್ಲಿ ಬಿದ್ದು ಸುಮಾರು 1020 ವ್ಯಾಟಿಗೆ ಬರುತ್ತದೆ. ಇಪ್ಪತ್ತು ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಪೂರ್ಣ ವೋಲ್ಟೇಜಿನಲ್ಲಿ ಹತ್ತೊಂಬತ್ತು ನಿಮಿಷದೊಳಗೆ ಆಗುವ ಕೆಲಸಕ್ಕೆ ಈಗ ಇಪ್ಪತ್ತೇಳು ನಿಮಿಷ ಬೇಕು. ಬಕೆಟ್ಟಿನಿಂದ ಗಾಳಿಗೆ ಸೋರುವ ಬಿಸಿಯನ್ನು ಬಿಟ್ಟರೆ ಎರಡೂ ಸಲ ಮೀಟರು ಓಡುವುದು ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಕಡಿಮೆಯೇ. ವೋಲ್ಟೇಜು ಕಡಿಮೆಯಾದರೆ ಬಿಲ್ಲು ಹೆಚ್ಚುತ್ತದೆ ಎಂಬ ನಂಬಿಕೆಗೆ ರಾಡಿನ ಮಟ್ಟಿಗೆ ಆಧಾರವಿಲ್ಲ.

ಹಳೆಯ ತಂತುಬಲ್ಬು ಇಷ್ಟು ಸರಳವಲ್ಲ. 230 ವೋಲ್ಟಿನಲ್ಲಿ 60 ವ್ಯಾಟ್ ಉರಿಯುವ ಬಲ್ಬಿನ ರೋಧ ಲೆಕ್ಕದ ಪ್ರಕಾರ 880 ಓಮ್ ದಾಟಬೇಕು, ಆದರೆ ಅದನ್ನು ಹೋಲ್ಡರಿನಿಂದ ಬಿಚ್ಚಿ ಮಲ್ಟಿಮೀಟರಿಗೆ ಹಿಡಿದರೆ ಅರವತ್ತು ಎಪ್ಪತ್ತು ಓಮ್ ಮಾತ್ರ ತೋರಿಸುತ್ತದೆ. ಟಂಗ್‌ಸ್ಟನ್ ತಂತು ಎರಡು ಸಾವಿರ ಡಿಗ್ರಿಗೂ ಮೀರಿ ಕಾದಾಗ ಅದರ ರೋಧ ಹತ್ತು ಪಟ್ಟಿಗಿಂತ ಹೆಚ್ಚಾಗುತ್ತದೆ. ಎರಡೂ ಅಳತೆಗಳು ನಿಜ, ಅವು ಒಂದೇ ವಸ್ತುವಿನ ಎರಡು ಸ್ಥಿತಿಗಳಿಗೆ ಸೇರಿದವು. ಇಂಥ ಬಲ್ಬುಗಳು ಹೆಚ್ಚಾಗಿ ಸ್ವಿಚ್ ಹಾಕಿದ ಕ್ಷಣದಲ್ಲೇ ಸುಟ್ಟುಹೋಗುತ್ತಿದ್ದುದಕ್ಕೆ ತಣ್ಣನೆಯ ತಂತುವಿನಲ್ಲಿ ಆ ಗಳಿಗೆ ನುಗ್ಗುವ ಭಾರಿ ಕರೆಂಟೇ ಕಾರಣ.

ದಾವಣಗೆರೆ, ಹರಿಹರದ ಸೀಮೆಯಲ್ಲಿ ವಿಷಯ ನಿಜವಾಗಿ ಗಹನವಾಗುವುದು ಮೋಟರಿನ ಬಳಿ. ಹತ್ತಿಗಿರಣಿಗಳಿಂದ ಹೆಸರಾದ ದಾವಣಗೆರೆಗೂ, 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳಿಂದ ಹೆಸರಾದ ಹರಿಹರಕ್ಕೂ ಮೋಟರು ಹೊಸದಲ್ಲ. ಆ ಗಿರಣಿಗಳೂ ಆ ಕಾರ್ಖಾನೆಯೂ ಮುಚ್ಚಿದ ಮೇಲೂ ಭತ್ತ, ಅಡಿಕೆ, ಮೆಕ್ಕೆಜೋಳದ ಹೊಲ ತೋಟಗಳಲ್ಲಿ ಅದು ತಿರುಗುತ್ತಲೇ ಇದೆ. ಐದು ಎಚ್‌ಪಿಯ ತ್ರೀಫೇಸ್ ಪಂಪ್ ಮೋಟರೊಂದನ್ನು ತೆಗೆದುಕೊಂಡರೆ, ಒಂದು ಎಚ್‌ಪಿ 746 ವ್ಯಾಟ್ ಆದ್ದರಿಂದ ಅದು ಶಾಫ್ಟಿನಲ್ಲಿ ಕೊಡುವುದು 3730 ವ್ಯಾಟ್. ಓಡುತ್ತಿರುವ ಮೋಟರಿನ ಒಂದು ವೈರಿಗೆ ಟಾಂಗ್ ಟೆಸ್ಟರನ್ನು, ಅಂದರೆ ತಂತಿಯನ್ನು ಕತ್ತರಿಸದೆ ಇಕ್ಕಳದಂತೆ ಅದರ ಸುತ್ತ ಹಿಡಿದು ಕರೆಂಟು ಅಳೆಯುವ ಸಾಧನವನ್ನು ಹಾಕಿದರೆ ಸುಮಾರು ಏಳೂವರೆ ಆಂಪಿಯರ್ ತೋರಿಸುತ್ತದೆ. ಎಚ್‌ಪಿಗೆ ಒಂದೂವರೆ ಆಂಪಿಯರ್ ಎಂದು ಮೆಕ್ಯಾನಿಕ್ಕುಗಳು ಬಾಯಲ್ಲೇ ಹೇಳುವ ಲೆಕ್ಕವೂ ಇದೇ. ಎರಡು ಫೇಸುಗಳ ನಡುವಿನ 415 ವೋಲ್ಟನ್ನು ಈ ಏಳೂವರೆಯಿಂದ ಗುಣಿಸಿದರೆ ಬರುವುದು 3112. ಅಂದರೆ ಒಳಹೋದದ್ದು 3112 ವ್ಯಾಟ್, ಹೊರಬಂದದ್ದು 3730 ವ್ಯಾಟ್!

ಮೂರು ಫೇಸುಗಳಿಂದಲೂ ಮೋಟರಿಗೆ ಸಾಮರ್ಥ್ಯ ಬರುತ್ತಿದ್ದು ಅವುಗಳ ಏರಿಳಿತ ಒಂದೇ ಗಳಿಗೆಯಲ್ಲಿ ಆಗದಿರುವುದರಿಂದ ಗುಣಲಬ್ಧವನ್ನು ಮೂರರ ವರ್ಗಮೂಲವಾದ 1.732ರಿಂದ ಮತ್ತೆ ಗುಣಿಸಬೇಕು. ಹಾಗೆ ಮಾಡಿದಾಗ ಸುಮಾರು 5390 ಬರುತ್ತದೆ, ಆದರೆ ಅದೂ ವ್ಯಾಟ್ ಅಲ್ಲ. ಪರ್ಯಾಯ ಪ್ರವಾಹದಲ್ಲಿ, ಅಂದರೆ ಸೆಕೆಂಡಿಗೆ ಐವತ್ತು ಆವರ್ತ ಹಿಂದೆ ಮುಂದೆ ತುಯ್ಯುವ ನಮ್ಮ ಎಸಿ ಸರಬರಾಜಿನಲ್ಲಿ, ಮೋಟರಿನ ಸುರುಳಿಗಳಲ್ಲಿ ಕರೆಂಟು ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ. ಹೀಗೆ ಹಿಂದೆ ಬಿದ್ದ ಭಾಗ ಕಾಂತಕ್ಷೇತ್ರವನ್ನು ಕಟ್ಟಿ ಮತ್ತೆ ಲೈನಿಗೇ ಮರಳುತ್ತದೆಯೇ ಹೊರತು ನೀರೆತ್ತುವುದಿಲ್ಲ. ಎಷ್ಟು ಪಾಲು ನಿಜವಾಗಿ ಕೆಲಸಕ್ಕೆ ಬಂತೆಂದು ಹೇಳುವ ಸಂಖ್ಯೆಯೇ ಪವರ್ ಫ್ಯಾಕ್ಟರ್. ಈ ಮೋಟರಿಗೆ ಅದು 0.82 ಎಂದಾದರೆ ಒಳಹೋದ ಸಾಮರ್ಥ್ಯ ಸುಮಾರು 4420 ವ್ಯಾಟ್, ಅದರಲ್ಲಿ ಶಾಫ್ಟಿಗೆ ಬಂದದ್ದು ಶೇ. 84, ಉಳಿದದ್ದು ಬಿಸಿ, ಘರ್ಷಣೆ, ಗುಂಯ್ ಎಂಬ ಸದ್ದು. 5390 ಎಂಬುದಕ್ಕೆ ವೋಲ್ಟ್‌ಆಂಪಿಯರ್ ಎಂಬ ಬೇರೆಯೇ ಹೆಸರಿದ್ದು, ಟ್ರಾನ್ಸ್‌ಫಾರ್ಮರಿನ ಮೈಮೇಲೆ ಕೆವಿಎ ಎಂದು ಬರೆದಿರುವುದು ಇದನ್ನೇ. ಕೆಲಸಕ್ಕೆ ಬಾರದ ಕರೆಂಟೂ ತಂತಿಯನ್ನು ಕಾಯಿಸುವುದರಿಂದ ದೊಡ್ಡ ಕಾರ್ಖಾನೆಗಳ ಬೇಡಿಕೆ ಶುಲ್ಕವನ್ನು ಕಿಲೋವ್ಯಾಟಿನ ಬದಲು ಕೆವಿಎ ಲೆಕ್ಕದಲ್ಲಿ ಹಾಕುವುದಕ್ಕೆ ಅರ್ಥವಿದೆ.

ಭಾಗಾಕಾರವೂ ಇಲ್ಲಿ ಕೈಕೊಡುತ್ತದೆ. ಅದೇ ಮೋಟರನ್ನು ಲೈನಿನಿಂದ ಬಿಡಿಸಿ ಎರಡು ಟರ್ಮಿನಲ್‌ಗಳ ನಡುವೆ ಮಲ್ಟಿಮೀಟರ್ ಹಿಡಿದಾಗ 4 ಓಮ್ ತೋರಿಸಿತೆನ್ನೋಣ. 415 ವೋಲ್ಟಿಗೆ ನೂರಕ್ಕೂ ಹೆಚ್ಚು ಆಂಪಿಯರ್ ಹರಿಯಬೇಕಿತ್ತು, ಹರಿಯುತ್ತಿರುವುದು ಏಳೂವರೆ. ಮೋಟರಿನೊಳಗೆ ತಿರುಗುವ ಕಾಂತಕ್ಷೇತ್ರವು ಅದೇ ಸುರುಳಿಗಳಲ್ಲಿ ಸರಬರಾಜಿಗೆ ಎದುರಾಗಿ ನಿಲ್ಲುವ ವಿಭವವೊಂದನ್ನು ಹುಟ್ಟಿಸುವುದೇ ಇದಕ್ಕೆ ಕಾರಣವಾಗಿದ್ದು, ರೋಧವೂ ಈ ಎದುರುತ್ತರವೂ ಸೇರಿ ಒಟ್ಟಾಗಿ ಕಾಣುವ ತಡೆಗೆ ಇಂಪೀಡೆನ್ಸ್ ಎನ್ನುತ್ತಾರೆ. ಮೋಟರು ಇನ್ನೂ ತಿರುಗತೊಡಗದ ಕ್ಷಣದಲ್ಲಿ ಆ ತಡೆ ತೀರ ಕಡಿಮೆ ಇದ್ದು ಕರೆಂಟು ಐದಾರು ಪಟ್ಟು ನುಗ್ಗುತ್ತದೆ. ಪಂಪಿಗೆ ಮರಳು ಸಿಕ್ಕಿ ಜಾಮ್ ಆದಾಗ ಈ ಕ್ಷಣ ನಿಮಿಷಗಟ್ಟಲೆ ಮುಂದುವರಿಯುತ್ತದೆ. ‘ಮೋಟ್ರು ಸುಟ್ಟೋಯ್ತು’ ಎಂಬ ಮಾತಿನ ಹಿಂದೆ ಇರುವುದು ಹೆಚ್ಚಿನ ಸಲ ಇದು, ಇಲ್ಲವೇ ಮೂರರಲ್ಲಿ ಒಂದು ಫೇಸ್ ಕಡಿದುಹೋದದ್ದು, ಅದೂ ಅಲ್ಲವಾದರೆ ಲೋ ವೋಲ್ಟೇಜ್.

ಲೋ ವೋಲ್ಟೇಜಿನಲ್ಲಿ ರಾಡಿಗೂ ಮೋಟರಿಗೂ ಇರುವ ವ್ಯತ್ಯಾಸವನ್ನು ಈ ಇಡೀ ವಿಷಯದ ತಿರುಳೆಂದು ಕರೆದರೆ ತಪ್ಪಾಗದು. ವೋಲ್ಟೇಜು ಇಳಿದಾಗ ರಾಡು ಕಡಿಮೆ ಕರೆಂಟು ಎಳೆದು ಸುಮ್ಮನಾಗುತ್ತದೆ. ನೀರಿನ ಭಾರ ಹೊತ್ತ ಮೋಟರಿಗೆ ಹಾಗೆ ಸುಮ್ಮನಾಗುವ ಅವಕಾಶವಿಲ್ಲ. ಸರಿಸುಮಾರು ಅದೇ ವೇಗದಲ್ಲಿ ಅಷ್ಟೇ ನೀರು ಎತ್ತಬೇಕಾದ್ದರಿಂದ ವೋಲ್ಟೇಜಿನ ಕೊರತೆಯನ್ನು ಕರೆಂಟಿನಿಂದ ತುಂಬಿಕೊಳ್ಳುತ್ತದೆ. 415 ಇರಬೇಕಾದಲ್ಲಿ 340 ವೋಲ್ಟ್ ಬಂದರೆ ಏಳೂವರೆ ಆಂಪಿಯರ್ ಒಂಬತ್ತನ್ನು ದಾಟುತ್ತದೆ. ಸುರುಳಿಯಲ್ಲಿ ಹುಟ್ಟುವ ಬಿಸಿ, ಇಂಗ್ಲೆಂಡಿನ ಜೇಮ್ಸ್ ಜೌಲ್ 1840ರ ಸುಮಾರಿಗೆ ತೋರಿಸಿಕೊಟ್ಟಂತೆ, ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದಷ್ಟಿರುವುದರಿಂದ ಅದು ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ವೋಲ್ಟೇಜು ಶೇ. 18 ಇಳಿದರೆ ಬಿಸಿ ಶೇ. 50ರ ಹತ್ತಿರ ಏರುವ ಈ ಲೆಕ್ಕ ಗೊತ್ತಿಲ್ಲದೆಯೂ ಅನುಭವಸ್ಥ ರೈತರು ವೋಲ್ಟ್‌ಮೀಟರಿನ ಮುಳ್ಳು ಕೆಳಗಿದ್ದಾಗ ಸ್ಟಾರ್ಟರ್ ಒತ್ತುವುದಿಲ್ಲ.

ವೋಲ್ಟೇಜು ಇಳಿಯುವುದಾದರೂ ಎಲ್ಲಿ? ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಕೊನೆಭಾಗದ ರೈತರು ಎಂಬ ಮಾತು ಹರಿಹರ, ದಾವಣಗೆರೆ ತಾಲ್ಲೂಕುಗಳಲ್ಲಿ ಪ್ರತಿ ಹಂಗಾಮಿನಲ್ಲೂ ಕೇಳಿಬರುತ್ತದೆ. ವಿದ್ಯುತ್ ಲೈನಿಗೂ ಹಾಗೆಯೇ ಕೊನೆಭಾಗ ಇದೆ. ಹೋಲಿಕೆ ಒಂದು ಹಂತದವರೆಗೆ ಮಾತ್ರ ಸರಿ, ಏಕೆಂದರೆ ನಾಲೆಯಲ್ಲಿ ದಾರಿಯುದ್ದಕ್ಕೂ ನೀರೇ ಇಂಗಿ ಕಡಿಮೆಯಾಗುತ್ತದೆ, ತಂತಿಯಲ್ಲಿ ಕರೆಂಟು ಸೋರುವುದಿಲ್ಲ, ಒತ್ತಡ ಮಾತ್ರ ಸವೆಯುತ್ತದೆ. ಹಾಗೆ ಸವೆಯುವ ವೋಲ್ಟೇಜು ತಂತಿಯ ರೋಧವನ್ನು ಕರೆಂಟಿನಿಂದ ಗುಣಿಸಿದಷ್ಟು. ತಂತಿಯ ರೋಧವೋ ಅದರ ಉದ್ದ ಹೆಚ್ಚಿದಂತೆ ಹೆಚ್ಚುತ್ತದೆ, ದಪ್ಪ ಹೆಚ್ಚಿದಂತೆ ತಗ್ಗುತ್ತದೆ. ಆರುನೂರು ಅಡಿ, ಅಂದರೆ 183 ಮೀಟರ್ ಆಳಕ್ಕೆ ಇಳಿಬಿಟ್ಟ ಸಬ್‌ಮರ್ಸಿಬಲ್ ಪಂಪಿನ ಕೇಬಲ್ಲಿನಲ್ಲಿ ತಾಮ್ರದ ಒಂದೊಂದು ಎಳೆ ಎರಡೂವರೆ ಚದರ ಮಿಲಿಮೀಟರ್ ಇದ್ದರೆ ಅದರ ರೋಧ ಸುಮಾರು 1.26 ಓಮ್, ಏಳೂವರೆ ಆಂಪಿಯರಿಗೆ ಮೂರೂ ಎಳೆಗಳಲ್ಲಿ ಸೇರಿ ಬಿಸಿಯಾಗಿ ಹೋಗುವುದು 210 ವ್ಯಾಟಿಗೂ ಮಿಗಿಲು. ಆರು ಚದರ ಮಿಲಿಮೀಟರಿನ ಕೇಬಲ್ ಹಾಕಿದರೆ ಅದು 90 ವ್ಯಾಟಿನೊಳಗೆ ನಿಲ್ಲುತ್ತದೆ. ಕೊಳ್ಳುವಾಗ ಕೇಬಲ್ಲಿನ ಬೆಲೆಯಲ್ಲಿ ಉಳಿಸಿದ ಹಣ ಬೋರಿನೊಳಗೆ ಪ್ರತಿ ಗಂಟೆಯೂ ಹೀಗೆ ನೀರು ಕಾಯಿಸುತ್ತಿರುತ್ತದೆ.

ನಷ್ಟ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆಂಬ ಈ ಸಂಗತಿಯೇ ಕರ್ನಾಟಕದ ವಿದ್ಯುತ್ ಇತಿಹಾಸವನ್ನು ರೂಪಿಸಿತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಕಳಿಸಬೇಕಾಗಿ ಬಂದಾಗ ಮೂವತ್ತು ಸಾವಿರ ವೋಲ್ಟಿಗೂ ಹೆಚ್ಚಿನ ಒತ್ತಡವನ್ನು ಆರಿಸಿಕೊಂಡದ್ದು, ಅಷ್ಟೇ ಸಾಮರ್ಥ್ಯವನ್ನು ಕಡಿಮೆ ಕರೆಂಟಿನಲ್ಲಿ ಸಾಗಿಸುವುದಕ್ಕೆ. ಇಂದು ಹಳ್ಳಿಯವರೆಗೆ 11,000 ವೋಲ್ಟಿನ ಲೈನು ಬಂದು, ಜನ ಟಿಸಿ ಎಂದು ಕರೆಯುವ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರಿನಲ್ಲಿ ಇಳಿದು ಹೊಲಕ್ಕೆ ಹೋಗುವುದಕ್ಕೂ ಅದೇ ಕಾರಣ. ಒಂದೇ ತಂತಿಯಲ್ಲಿ ಒಂದೇ ಸಾಮರ್ಥ್ಯವನ್ನು 415 ವೋಲ್ಟಿನ ಬದಲು 11,000 ವೋಲ್ಟಿನಲ್ಲಿ ಕಳಿಸಿದರೆ ನಷ್ಟ ಏಳುನೂರರಲ್ಲಿ ಒಂದು ಪಾಲಾಗುತ್ತದೆ. 63 ಕೆವಿಎ ಟಿಸಿಯೊಂದು ಸುಮಾರು 84 ಆಂಪಿಯರ್ ಕೊಡಬಲ್ಲದು, ಐದು ಎಚ್‌ಪಿಯ ಹನ್ನೊಂದು ಮೋಟರುಗಳಿಗೆ ಅದು ಸಾಕು. ಆದರೆ ತ್ರೀಫೇಸ್ ದಿನಕ್ಕೆ ಕೆಲವೇ ಗಂಟೆ ಸಿಗುವುದರಿಂದ ಎಲ್ಲರ ಸ್ಟಾರ್ಟರಿಗೂ ಆಟೋ ಹಾಕಿರುತ್ತದೆ, ಲೈನು ಬಂದ ಗಳಿಗೆಗೆ ಹನ್ನೊಂದೂ ಮೋಟರುಗಳು ಒಟ್ಟಿಗೆ ಎದ್ದು ಒಂದೊಂದೂ ಆರು ಪಟ್ಟು ಎಳೆದರೆ ಬೇಡಿಕೆ ಕ್ಷಣಮಾತ್ರ 490 ಆಂಪಿಯರ್ ದಾಟುತ್ತದೆ. ವೋಲ್ಟೇಜು ಕುಸಿದು ಯಾವುದೂ ಸರಿಯಾಗಿ ಏಳದೆ ಎಲ್ಲವೂ ಒದ್ದಾಡುವ ಈ ಸ್ಥಿತಿಗೆ, ಒಂದೊಂದು ಸ್ಟಾರ್ಟರಿನ ಟೈಮರನ್ನು ಅರ್ಧ ನಿಮಿಷ ಹಿಂದೆ ಮುಂದೆ ಇಟ್ಟುಕೊಳ್ಳುವುದೇ ಸಾಕಾಗುವ ಪರಿಹಾರ. ಹೊಲದ ನೆರೆಹೊರೆಯವರು ಅಷ್ಟಕ್ಕೆ ಒಪ್ಪುವುದು ಮಾತ್ರ ಓಮ್‌ನ ನಿಯಮಕ್ಕಿಂತ ಕಷ್ಟ.

ಸುಟ್ಟ ಮೋಟರು ಕೊನೆಗೆ ಬಂದು ಸೇರುವ ವೈಂಡಿಂಗ್ ಅಂಗಡಿಯಲ್ಲಿ ರೋಧವನ್ನು ಅಳೆಯುವ ಹಳೆಯ ಉಪಾಯವೊಂದು ಇಂದಿಗೂ ಗೋಡೆಯ ಮೇಲಿದೆ. ಹಲಗೆಯೊಂದರ ಮೇಲೆ ನೂರು ವ್ಯಾಟಿನ ತಂತುಬಲ್ಬು, ಅದರ ಜೊತೆ ಸರಣಿಯಲ್ಲಿ ಎರಡು ಬಿಡಿ ವೈರು. ಸೀರೀಸ್ ಲ್ಯಾಂಪ್ ಎಂದು ಕರೆಯುವ ಇದರ ತುದಿಗಳನ್ನು ಸುರುಳಿಯ ಎರಡು ಕೊನೆಗಳಿಗೆ ಮುಟ್ಟಿಸಿದಾಗ ಬಲ್ಬು ಉರಿಯದಿದ್ದರೆ ಸುರುಳಿ ಕಡಿದಿದೆ, ಪೂರ್ತಿ ಉರಿದರೆ ಒಳಗೆ ಶಾರ್ಟ್ ಆಗಿದೆ, ಮಂದವಾಗಿ ಉರಿದರೆ ಸುರುಳಿ ನೆಟ್ಟಗಿದೆ. ಬಲ್ಬೇ ಇಲ್ಲಿ ಆಂಪಿಯರ್ ಮೀಟರು, ಭಾಗಾಕಾರ ಮಾಡುವುದು ಕಣ್ಣು. 1951ರಲ್ಲಿ ಆರಂಭವಾದ ದಾವಣಗೆರೆಯ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಇದಕ್ಕಿಂತ ಸೂಕ್ಷ್ಮವಾದ ಸೇತುವೆ ಮಂಡಲಗಳನ್ನು, ಅಂದರೆ ಬ್ರಿಡ್ಜ್ ಸರ್ಕ್ಯೂಟುಗಳನ್ನು ಕಲಿಸುತ್ತಾರೆ. ಆದರೂ ಬಲ್ಬಿನ ಹಲಗೆಗೆ ಒಂದು ಅನುಕೂಲವಿದೆ, ಶಾರ್ಟ್ ಆದ ಸುರುಳಿಯ ಮೂಲಕವೂ ಬಲ್ಬಿನ ಪಾಲಿನಷ್ಟೇ ಕರೆಂಟು ಹರಿಯುವುದರಿಂದ ಫ್ಯೂಸ್ ಹಾರುವುದಿಲ್ಲ.

ರೋಧ ತಾಪದೊಡನೆ ಬದಲಾಗುವುದನ್ನು ಇದುವರೆಗೆ ತೊಡಕೆಂದು ನೋಡಿದ್ದಾಯಿತು, ಅದೇ ಉಪಕಾರಕ್ಕೂ ಬರುತ್ತದೆ. ತಣ್ಣಗಿದ್ದಾಗ, ಅಂದರೆ 30 ಡಿಗ್ರಿಯಲ್ಲಿ 4 ಓಮ್ ಇದ್ದ ತಾಮ್ರದ ಸುರುಳಿ ಗಂಟೆಗಟ್ಟಲೆ ಓಡಿ ನಿಲ್ಲಿಸಿದ ಕೂಡಲೇ 5 ಓಮ್ ತೋರಿಸಿದರೆ ಒಳಗಿನ ತಾಪ ಎಷ್ಟೆಂದು ಬಿಚ್ಚದೆಯೇ ಹೇಳಬಹುದು. ತಾಮ್ರದ ರೋಧ ಅದರ ತಾಪಕ್ಕೆ 234.5 ಕೂಡಿಸಿದ ಮೊತ್ತದ ಅನುಪಾತದಲ್ಲಿ ಏರುವುದರಿಂದ, 264.5ನ್ನು ಒಂದೂಕಾಲು ಪಟ್ಟು ಮಾಡಿ 234.5 ಕಳೆದರೆ 96 ಡಿಗ್ರಿ ಸಿಗುತ್ತದೆ. ಥರ್ಮಾಮೀಟರು ಹೋಗಲಾರದ ಜಾಗಕ್ಕೆ ತಂತಿಯೇ ಥರ್ಮಾಮೀಟರಾಗುವ ಈ ಕ್ರಮ ಮೋಟರು ತಯಾರಿಸುವ ಕಾರ್ಖಾನೆಗಳ ಪರೀಕ್ಷಾ ವಿಭಾಗದಲ್ಲಿ ದಿನನಿತ್ಯದ್ದು.

ಭಾಗಾಕಾರದ ಉತ್ತರ ಪ್ರಾಣಕ್ಕೆ ಸಂಬಂಧಿಸಿದ್ದಾಗುವ ಸಂದರ್ಭವೂ ಒಂದಿದೆ. ಒಣ ಚರ್ಮದ ರೋಧ ಹತ್ತಾರು ಸಾವಿರ ಓಮ್ ಇರಬಹುದು, ಕೆಸರುಗದ್ದೆಯಲ್ಲಿ ನೆನೆದ ಪಾದದಲ್ಲಿ ಅದು ಸಾವಿರ ಓಮಿನ ಆಸುಪಾಸಿಗೆ ಇಳಿಯುತ್ತದೆ; 230 ವೋಲ್ಟನ್ನು ಸಾವಿರದಿಂದ ಭಾಗಿಸಿದರೆ ಬರುವ 230 ಮಿಲಿಆಂಪಿಯರ್ ಹೃದಯವನ್ನು ನಿಲ್ಲಿಸಲು ಸಾಕು. ಮನೆಗಳಿಗೆ ಹಾಕುವ ಸೋರಿಕೆ ಬ್ರೇಕರುಗಳನ್ನು 30 ಮಿಲಿಆಂಪಿಯರಿಗೆ ಟ್ರಿಪ್ ಆಗುವಂತೆ ಮಾಡಿರುವುದು ಇದಕ್ಕಾಗಿ. ಓಮ್‌ಗಿಂತ ಮೊದಲೇ ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹೆನ್ರಿ ಕ್ಯಾವೆಂಡಿಶ್ ಬೇರೆ ಬೇರೆ ದ್ರಾವಣಗಳ ರೋಧವನ್ನು ತನ್ನ ಮೈಗೆ ತಗಲುವ ಶಾಕಿನ ಜೋರನ್ನೇ ಮೀಟರು ಮಾಡಿಕೊಂಡು ಹೋಲಿಸಿದ್ದ, ಆ ಟಿಪ್ಪಣಿಗಳನ್ನು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಪ್ರಕಟಿಸಿದ್ದು 1879ರಲ್ಲಿ. ಸ್ಟಾರ್ಟರ್ ಪೆಟ್ಟಿಗೆಗೆ ಕರೆಂಟು ಸೋರುತ್ತಿದೆಯೇ ಎಂದು ಹಿಂಗೈ ತಾಗಿಸಿ ನೋಡುವವರು ಈಗಲೂ ಅದೇ ಅಪಾಯದ ಮೀಟರನ್ನು ನಂಬಿದ್ದಾರೆ.

ಗುಣಾಕಾರದ ತೊಡಕುಗಳನ್ನೆಲ್ಲ ಬದಿಗಿಟ್ಟು ಸಾಮರ್ಥ್ಯವನ್ನು ನೇರವಾಗಿ ತಿಳಿಯುವ ಸುಲಭದ ದಾರಿ ಮನೆಯ ಮೀಟರಿನಲ್ಲೇ ಇದೆ. ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಯೂನಿಟ್ಟಿಗೆ ಇಷ್ಟು ಮಿಣುಕು ಎಂದು ಬರೆದಿರುತ್ತದೆ, 3200 ಎಂಬುದು ಸಾಮಾನ್ಯ. ಅಂಥ ಮೀಟರಿನ ಕೆಂಪು ದೀಪ ಇಪ್ಪತ್ತು ಸೆಕೆಂಡಿನಲ್ಲಿ ಹತ್ತು ಸಲ ಮಿಣುಕಿದರೆ ಮನೆಯಲ್ಲಿ ಆಗ ಸುಮಾರು 560 ವ್ಯಾಟ್ ಖರ್ಚಾಗುತ್ತಿದೆ ಎಂದರ್ಥ. ಪವರ್ ಫ್ಯಾಕ್ಟರನ್ನು ಮೀಟರೇ ಲೆಕ್ಕಕ್ಕೆ ಹಿಡಿದಿರುತ್ತದೆ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯ ಇನ್ನೂರು ಯೂನಿಟ್ಟಿನ ಗಡಿಯನ್ನು ಮನಸ್ಸಿನಲ್ಲಿಟ್ಟುಕೊಂಡ ಮನೆಗಳಲ್ಲಿ ಈ ಎಣಿಕೆಗೆ ಈಗ ಹೊಸ ಬೆಲೆ ಬಂದಿದೆ.

ಹೊಲದ ಕಥೆ ಬೇರೆ. 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತವಾಗಿದ್ದು ಬಹುಪಾಲಿಗೆ ಮೀಟರುಗಳೇ ಇಲ್ಲದಿರುವುದರಿಂದ ಅವು ಬಳಸಿದ್ದೆಷ್ಟು ಎಂಬುದನ್ನು ಫೀಡರಿನ, ಅಂದರೆ ಹಳ್ಳಿಗೆ ಬರುವ 11,000 ವೋಲ್ಟಿನ ಲೈನಿನ ಮೀಟರಿನಿಂದಲೂ ಅಂದಾಜಿನಿಂದಲೂ ತೆಗೆಯಬೇಕಾಗುತ್ತದೆ. ಐದು ಎಚ್‌ಪಿಯ ಮೋಟರು ಏಳು ಗಂಟೆ ಓಡಿದರೆ ಮೇಲಿನ ಲೆಕ್ಕದಂತೆ 31 ಯೂನಿಟ್. ದಾಖಲೆಯಲ್ಲಿ ಐದು ಎಂದಿದ್ದು ಬೋರು ಆಳವಾದ ಮೇಲೆ ಏಳೂವರೆ ಎಚ್‌ಪಿಯದನ್ನು ಇಳಿಸಿದ್ದರೆ 46. ವೋಲ್ಟೇಜು 340ಕ್ಕೆ ಬಿದ್ದ ದಿನ ಇವೆರಡೂ ಅಲ್ಲ. ಫೀಡರಿನ ಮೊತ್ತದೊಳಗೆ ನೀರೆತ್ತಲು ಹೋದದ್ದೆಷ್ಟು, ತಂತಿ ಮತ್ತು ಸುರುಳಿಗಳನ್ನು ಕಾಯಿಸಲು ಹೋದದ್ದೆಷ್ಟು ಎಂದು ಬಿಡಿಸಿ ಹೇಳಬೇಕಾದರೆ, ತ್ರೀಫೇಸ್ ಇರುವ ಆ ಏಳು ಗಂಟೆಯೂ ಒಂದೊಂದು ಸ್ಟಾರ್ಟರ್ ಪೆಟ್ಟಿಗೆಯ ಮುಂದೆ ಒಬ್ಬೊಬ್ಬರು ಟಾಂಗ್ ಟೆಸ್ಟರ್ ಹಿಡಿದು ನಿಲ್ಲಬೇಕಾಗುತ್ತದೆ.